ಬೈಪ್ಯಾಪ್ ಮಾಸ್ಕ್ ಎದೆಯೊಳಗೆ ಏನು ಮಾಡುತ್ತದೆ?

ಐಸಿಯುವಿನಲ್ಲಿ ಬೈಪ್ಯಾಪ್ ಹಾಕಿದಾಗ ಮನೆಯವರು ‘ಆಕ್ಸಿಜನ್ ಇಟ್ಟಿದ್ದಾರೆ’ ಅನ್ನುತ್ತಾರೆ. ಆಕ್ಸಿಜನ್ ಜೊತೆಗಿರಬಹುದು, ಆದರೆ ಯಂತ್ರ ಕೊಡುವುದು ಮುಖ್ಯವಾಗಿ ಒತ್ತಡ. ಗಂಟಲಿಗೆ ಟ್ಯೂಬ್ ಇಳಿಸದೆ, ಮುಖಕ್ಕೆ ಬಿಗಿಯಾಗಿ ಕಟ್ಟಿದ ಮಾಸ್ಕಿನಿಂದ ಗಾಳಿಯನ್ನು ಒತ್ತಿ ಕಳಿಸುತ್ತದೆ. ಆ ಒತ್ತಡ ಉಸಿರಾಟದ ಸ್ನಾಯುವನ್ನೂ ಹೃದಯವನ್ನೂ ಒಟ್ಟಿಗೇ ಮುಟ್ಟುತ್ತದೆ. ಯಾರಿಗೆ ಉಪಕಾರ, ಯಾರಿಗೆ ಅಪಾಯ ಎಂಬುದು ತಿಳಿಯಬೇಕಾದರೆ ಎರಡನ್ನೂ ನೋಡಬೇಕು.

ಎದೆ ಮತ್ತು ಹೊಟ್ಟೆಯ ನಡುವೆ ಗುಮ್ಮಟದಂತೆ ಹಬ್ಬಿರುವ ಸ್ನಾಯು ವಪೆ. ಅದು ಬಿಗಿದು ಕೆಳಗಿಳಿದರೆ ಎದೆಯೊಳಗಿನ ಒತ್ತಡ ತಗ್ಗಿ ಗಾಳಿ ಒಳಗೆ ಬರುತ್ತದೆ. ಆರೋಗ್ಯವಂತರು ಸುಮ್ಮನೆ ಕೂತಿದ್ದಾಗ ಈ ಕೆಲಸಕ್ಕೆ ದೇಹ ಬಳಸುವ ಆಮ್ಲಜನಕದಲ್ಲಿ ಶೇ. 5ರಷ್ಟೂ ಬೇಕಾಗುವುದಿಲ್ಲ. ಬೀಡಿಯ ಹೊಗೆಯಿಂದಲೋ, ವರ್ಷಗಟ್ಟಲೆ ಸೌದೆ ಒಲೆಯ ಮುಂದೆ ಕೂತದ್ದರಿಂದಲೋ ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಬಂದವರ ಕಥೆ ಬೇರೆ. ಅವರ ಶ್ವಾಸನಾಳಗಳು ಕಿರಿದಾಗಿ, ಎಳೆದುಕೊಂಡ ಗಾಳಿ ಪೂರ್ತಿ ಹೊರಹೋಗದೆ ಒಳಗೇ ಉಳಿಯುತ್ತದೆ. ಶ್ವಾಸಕೋಶ ಉಬ್ಬಿ ವಪೆಯನ್ನು ಚಪ್ಪಟೆ ಮಾಡುತ್ತದೆ. ಮೊದಲೇ ಕುಗ್ಗಿಕೊಂಡ ಸ್ನಾಯು ಮತ್ತೆಷ್ಟು ಎಳೆದೀತು? ಸಾಲದ್ದಕ್ಕೆ, ಒಳಗೆ ಸಿಕ್ಕಿಬಿದ್ದ ಗಾಳಿಯ ಒತ್ತಡವನ್ನು ಮೀರಿದ ಮೇಲೆಯೇ ಹೊಸ ಗಾಳಿ ಒಳಬರಲು ಸಾಧ್ಯ.

ಇಂಥ ರೋಗಿಯ ಪಕ್ಕದಲ್ಲಿ ಒಂದು ನಿಮಿಷ ನಿಂತು ನೋಡಿ. ಕತ್ತಿನ ಸ್ನಾಯುಗಳು ಹಗ್ಗದಂತೆ ಎದ್ದು ಕಾಣುತ್ತವೆ. ಒಂದು ವಾಕ್ಯವನ್ನು ಒಂದೇ ಉಸಿರಿಗೆ ಮುಗಿಸಲಾಗುವುದಿಲ್ಲ. ಉಸಿರು ಎಳೆದಾಗ ಹೊಟ್ಟೆ ಮುಂದೆ ಬರಬೇಕು. ಅದು ಒಳಕ್ಕೆ ಹೋಗುತ್ತಿದ್ದರೆ ವಪೆ ಸೋಲುತ್ತಿದೆ ಎಂದರ್ಥ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ, ಪಿಎಚ್ 7.35ಕ್ಕಿಂತ ಕೆಳಗಿಳಿಯುವುದೂ ಈ ಹಂತದಲ್ಲೇ.

ಬೈಪ್ಯಾಪಿನಲ್ಲಿ ಎರಡು ಒತ್ತಡಗಳಿವೆ. ಉಸಿರು ಬಿಡುವಾಗ ಸಾಮಾನ್ಯವಾಗಿ 4–5 ಸೆಂ.ಮೀ. ನೀರಿನಷ್ಟು, ಎಳೆದುಕೊಳ್ಳುವಾಗ ಆರಂಭಕ್ಕೆ 10 ಅಥವಾ ಅದಕ್ಕಿಂತ ಹೆಚ್ಚು. ಮೊದಲನೆಯದು ಸಿಕ್ಕಿಬಿದ್ದ ಗಾಳಿಯ ಒತ್ತಡಕ್ಕೆ ಎದುರಾಗಿ ನಿಂತು ಉಸಿರಿನ ಆರಂಭವನ್ನು ಸಲೀಸು ಮಾಡುತ್ತದೆ. ಎರಡನೆಯದು ವಪೆಯ ಜೊತೆ ತಾನೂ ಹೆಗಲು ಕೊಡುತ್ತದೆ. ಒತ್ತಡ ಸರಿಹೊಂದಿದರೆ ಒಂದೆರಡು ಗಂಟೆಯಲ್ಲೇ ಉಸಿರಿನ ವೇಗ ತಗ್ಗಿ, ಪಿಎಚ್ ಮೇಲೇರತೊಡಗುತ್ತದೆ. ಉಲ್ಬಣಿಸಿದ ಸಿಒಪಿಡಿ ರೋಗಿಗಳ ಮೇಲೆ ಯುರೋಪಿನಲ್ಲಿ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಟ್ಯೂಬ್ ಹಾಕಬೇಕಾದವರ ಪ್ರಮಾಣ ಶೇ. 74ರಿಂದ 26ಕ್ಕೆ ಇಳಿದಿತ್ತು.

ಯಂತ್ರ ನೆರವಾದರೆ ವಪೆ ಸೋಮಾರಿಯಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ವಪೆ ಅಲುಗಾಡದೆ ವೆಂಟಿಲೇಟರೇ ಪೂರ್ತಿ ಉಸಿರಾಡಿಸಿದಾಗ 18ರಿಂದ 69 ಗಂಟೆಗಳಲ್ಲೇ ಅದರ ಎಳೆಗಳು ಸಣ್ಣಗಾಗುವುದನ್ನು ಅಮೆರಿಕದ ವೈದ್ಯರು 2008ರಲ್ಲಿ ತೋರಿಸಿದರು. ಮಾಸ್ಕಿನಲ್ಲಿ ಸಾಮಾನ್ಯವಾಗಿ ರೋಗಿಯೇ ಉಸಿರು ಆರಂಭಿಸುತ್ತಾರೆ, ಯಂತ್ರ ಅದನ್ನು ಹಿಂಬಾಲಿಸುತ್ತದೆ. ಹಾಗಾಗಿ ವಪೆಗೆ ಕೆಲಸ ಇದ್ದೇ ಇರುತ್ತದೆ, ಹೊರೆ ಮಾತ್ರ ಕಡಿಮೆ.

ಇನ್ನು ಹೃದಯ. ಸಹಜವಾಗಿ ಉಸಿರು ಎಳೆದಾಗ ಎದೆಯೊಳಗಿನ ಒತ್ತಡ ತಗ್ಗುವುದರಿಂದ ಗಾಳಿಯಂತೆ ರಕ್ತವೂ ಹೃದಯದ ಬಲಭಾಗಕ್ಕೆ ಸೆಳೆಯಲ್ಪಡುತ್ತದೆ. ಯಂತ್ರದ ಒತ್ತಡ ಈ ಸೆಳೆತವನ್ನು ಕಡಿಮೆ ಮಾಡುತ್ತದೆ, ಮರಳಿ ಬರುವ ರಕ್ತವೂ ತಗ್ಗುತ್ತದೆ. ಎಡಭಾಗದಲ್ಲಿ ನಡೆಯುವುದು ಇನ್ನೊಂದು. ಏದುಸಿರಿನ ರೋಗಿ ಎದೆಯೊಳಗೆ ತೀವ್ರ ಸೆಳೆತ ಉಂಟುಮಾಡುತ್ತಾ ಹೋದಂತೆ, ಹೃದಯ ಆ ಸೆಳೆತಕ್ಕೆ ಎದುರಾಗಿ ರಕ್ತ ಹೊರದೂಡಬೇಕು. ಮಾಸ್ಕಿನ ಒತ್ತಡ ಸೆಳೆತವನ್ನು ತಗ್ಗಿಸಿದಾಗ ಎಡ ಹೃತ್ಕುಕ್ಷಿಯ ಹೊರೆಯೂ ಇಳಿಯುತ್ತದೆ.

ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿ, ನಡುರಾತ್ರಿ ಮಲಗಲಾಗದೆ ಎದ್ದು ಕೂರುವವರಿಗೆ ಈ ಎರಡೂ ಪರಿಣಾಮ ಒಳ್ಳೆಯದೇ. ಅವರಿಗೆ ಒಂದೇ ಮಟ್ಟದ ಒತ್ತಡ ಕೊಡುವ ಸಿಪ್ಯಾಪ್ ಸಾಕಾಗುತ್ತದೆ, ಬಹುಮಟ್ಟಿಗೆ 5–10 ಸೆಂ.ಮೀ. ಲಂಡನ್ನಿನ ವೈದ್ಯ ಪೌಲ್ಟನ್ 1936ರಲ್ಲೇ ಮನೆಬಳಕೆಯ ವ್ಯಾಕ್ಯೂಮ್ ಕ್ಲೀನರ್‌ನ ಗಾಳಿಯಿಂದ ಇಂಥ ರೋಗಿಗಳಿಗೆ ಚಿಕಿತ್ಸೆ ಕೊಟ್ಟಿದ್ದರು! ಆದರೂ ಅತಿಯಾದ ಭರವಸೆ ಬೇಡ. ಸಾವಿರಕ್ಕೂ ಹೆಚ್ಚು ರೋಗಿಗಳಿದ್ದ 2008ರ ಬ್ರಿಟನ್ ಅಧ್ಯಯನದಲ್ಲಿ ಏದುಸಿರು ಬೇಗ ತಗ್ಗಿತು, ಏಳು ದಿನದೊಳಗಿನ ಸಾವುಗಳು ಕಡಿಮೆಯಾಗಲಿಲ್ಲ.

ವಾಂತಿ-ಭೇದಿಯಿಂದಲೋ ರಕ್ತಸ್ರಾವದಿಂದಲೋ ದೇಹ ಬತ್ತಿದವರಿಗೆ ಇದೇ ಒತ್ತಡ ಕಷ್ಟ ತರುತ್ತದೆ. ಮರಳುವ ರಕ್ತವೇ ಕಡಿಮೆಯಿದ್ದಾಗ ಇನ್ನಷ್ಟು ತಡೆದರೆ ಬಿಪಿ ಕುಸಿಯುತ್ತದೆ. ಶ್ವಾಸಕೋಶ ಮಿತಿಮೀರಿ ಉಬ್ಬಿದರೆ ಅದರೊಳಗಿನ ಸಣ್ಣ ರಕ್ತನಾಳಗಳು ಒತ್ತಿಹೋಗಿ ಬಲ ಹೃತ್ಕುಕ್ಷಿ ದಣಿಯುತ್ತದೆ. ಮಾಸ್ಕ್ ಹಾಕಿದ ಮೊದಲ ಗಂಟೆಯಲ್ಲಿ ನರ್ಸ್ ಮತ್ತೆ ಮತ್ತೆ ಬಿಪಿ ನೋಡುವುದು ಇದಕ್ಕಾಗಿ.

ಒತ್ತಡ 20 ದಾಟಿದರೆ ಗಾಳಿ ಅನ್ನನಾಳಕ್ಕೂ ನುಗ್ಗಬಹುದು. ಉಬ್ಬಿದ ಹೊಟ್ಟೆ ವಪೆಯನ್ನು ಮೇಲಕ್ಕೆ ದೂಡಿ, ಕೊಟ್ಟ ನೆರವನ್ನೇ ಕಿತ್ತುಕೊಳ್ಳುತ್ತದೆ. ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯುವ ಭಯವೂ ಇದೆ.

ಆದ್ದರಿಂದ ಹಾಸಿಗೆಯ ಪಕ್ಕದಲ್ಲಿರುವವರಲ್ಲಿ ನನ್ನ ಕೋರಿಕೆ: ‘ಅಪ್ಪನಿಗೆ ಉಸಿರು ಕಟ್ಟುತ್ತಿದೆ’ ಎಂದು ಮರುಕಪಟ್ಟು ನೀವೇ ಮಾಸ್ಕ್ ತೆಗೆಯಬೇಡಿ. ಮಾಸ್ಕಿನ ಸಂದಿಯಿಂದ ಎಳನೀರು, ಗಂಜಿ ಕುಡಿಸಬೇಡಿ. ರೋಗಿ ಮಂಕಾದರೆ, ವಾಂತಿ ಬರುವಂತಿದ್ದರೆ, ಹೊಟ್ಟೆ ಉಬ್ಬಿದರೆ ತಕ್ಷಣ ನರ್ಸನ್ನು ಕರೆಯಿರಿ.