ಅಂಚೆಯ ಹೊಸ ವಿದ್ಯೆ

ಪರರಿಂದ ಕಾಗದ ಓದಿಸಿಕೊಳ್ಳುವುದು ಒಂದು ಕಾಲದಲ್ಲಿ ಅನಕ್ಷರಸ್ಥರ ದೈನ್ಯವಾಗಿದ್ದಿತು. ಮನೆಯ ಸಾಲ, ಮಗಳ ಬಾಣಂತನ, ದಾಯಾದಿಗಳ ವ್ಯಾಜ್ಯ, ಎಲ್ಲವೂ ಮೊದಲು ಓದಿ ಹೇಳುವವನಿಗೆ ತಿಳಿದು ಆಮೇಲೆ ಮನೆಯವರಿಗೆ ತಿಳಿಯುತ್ತಿದ್ದವು. ಸಾಕ್ಷರತೆಯ ಪ್ರಚಾರದಿಂದ ಆ ದೈನ್ಯವು ಬಹುಮಟ್ಟಿಗೆ ತೊಲಗಿತು. ಆದರೆ ಇಂದು ಅದೇ ದೈನ್ಯವು ವೇಷವನ್ನು ಬದಲಿಸಿ, ಓದುಬರಹ ಬಲ್ಲವರ ಮನೆಗಳನ್ನೇ ಪ್ರವೇಶಿಸಿರುವುದನ್ನು ನಾವು ಕಾಣುತ್ತಿದ್ದೇವೆ.

ಶಿವಮೊಗ್ಗೆಯ ರವೀಂದ್ರನಗರದಂತಹ ಬಡಾವಣೆಗಳನ್ನು ನೋಡಿರಿ. ಉಪಾಧ್ಯಾಯರಾಗಿ, ಗುಮಾಸ್ತರಾಗಿ ದುಡಿದು ವಿಶ್ರಾಂತಿವೇತನದಲ್ಲಿರುವವರು ನಮ್ಮ ನಗರದಲ್ಲಿ ಅನೇಕರು. 1923ರಲ್ಲಿ ಉತ್ಪಾದನೆಯನ್ನಾರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿಯೂ, 1936ರಲ್ಲಿ ಸ್ಥಾಪಿತವಾದ ಅಲ್ಲಿನ ಕಾಗದದ ಕಾರ್ಖಾನೆಯಲ್ಲಿಯೂ ಬೆವರು ಸುರಿಸಿದ ಕುಟುಂಬಗಳು ಎರಡೂ ಊರುಗಳಲ್ಲಿವೆ. ನಾಡಿನ ಪತ್ರವ್ಯವಹಾರಕ್ಕೆ ಕಾಗದವನ್ನೊದಗಿಸಿದ ಕೈಗಳೇ ಈಗ ಕಾಗದವಿಲ್ಲದ ಪತ್ರದ ಮುಂದೆ ತಡವರಿಸುತ್ತಿವೆ. ಬ್ಯಾಂಕಿನ ಲೆಕ್ಕಪತ್ರವು ಈ-ಮೇಲಿನಲ್ಲಿ ಬರುತ್ತದೆ. ಆದಾಯತೆರಿಗೆ ಇಲಾಖೆಯ ತಿಳಿವಳಿಕೆಯೂ ನೋಂದಾಯಿಸಿದ ಈ-ಮೇಲಿಗೇ ಬರುತ್ತದೆ. ಅದನ್ನು ತೆರೆಯಲರಿಯದೆ, ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಸೈಬರ್ ಕೇಂದ್ರದ ಮೇಜಿನ ಮೇಲಿಡುವ ಹಿರಿಯರಿಗೂ, ಹಿಂದೆ ಕಾಗದ ಓದಿಸಿಕೊಳ್ಳುತ್ತಿದ್ದವರಿಗೂ ಏನು ಭೇದ? ಓದುವವನು ಅಂದು ಒಂದು ಕಾಗದವನ್ನು ಮಾತ್ರ ಕಾಣುತ್ತಿದ್ದನು. ಇಂದು ಇಡೀ ಪೆಟ್ಟಿಗೆಯ ಬೀಗದ ಕೈಯೇ ಅವನ ವಶವಾಗುತ್ತದೆ.

ಇದಕ್ಕೆ ಪರಿಹಾರವು ನಮ್ಮ ಅಂಗೈಯಲ್ಲಿಯೇ ಇದೆ. ಯೂಟ್ಯೂಬಿನಲ್ಲಿ ಈ-ಮೇಲಿನ ಒಂದೊಂದು ಸೌಕರ್ಯವನ್ನೂ ತೆರೆದು ತೋರಿಸುವ ವೀಡಿಯೊ ಪಾಠಗಳು ವಿಪುಲವಾಗಿವೆ. ಈ ಗುರುವು ಶುಲ್ಕ ಕೇಳುವುದಿಲ್ಲ. ಹತ್ತು ಸಲ ಕೇಳಿದರೂ ಬೇಸರಿಸುವುದಿಲ್ಲ. ಅರ್ಥವಾಗದೆಡೆಯಲ್ಲಿ ನಿಲ್ಲೆಂದರೆ ನಿಲ್ಲುತ್ತದೆ. ಮೊಮ್ಮಗನ ಮುಂದೆ ಅಜ್ಞಾನವನ್ನು ಒಪ್ಪಿಕೊಳ್ಳಲು ಸಂಕೋಚಪಡುವ ಹಿರಿಯರಿಗೆ ಇದಕ್ಕಿಂತ ಅನುಕೂಲವಾದ ಶಾಲೆ ಬೇರೊಂದಿಲ್ಲ. ಆದರೆ ಗುರುವನ್ನು ಆರಿಸಿಕೊಳ್ಳುವಲ್ಲಿ ವಿವೇಕವು ಅತ್ಯಾವಶ್ಯಕ.

ಮೊದಲನೆಯದಾಗಿ, ಪಾಠದ ದಿನಾಂಕವನ್ನು ನೋಡತಕ್ಕದ್ದು. ಜಿಮೇಲಿನಲ್ಲಿ ಕಳುಹಿಸಿದ ಪತ್ರವನ್ನು ಹಿಂತೆಗೆಯುವ ಸೌಕರ್ಯವು 2009ರಿಂದ ಪ್ರಯೋಗರೂಪದಲ್ಲಿದ್ದು, 2015ರಲ್ಲಿ ಎಲ್ಲರಿಗೂ ಅಧಿಕೃತವಾಗಿ ದೊರೆಯಿತು. ಅದಕ್ಕೆ ಹಿಂದಿನ ಪಾಠವು ತೋರಿಸುವ ದಾರಿ ಇಂದು ಇಲ್ಲ. ನಿಗದಿಯಾದ ಹೊತ್ತಿಗೆ ಪತ್ರವು ತಾನಾಗಿಯೇ ಹೊರಡುವ ವ್ಯವಸ್ಥೆ ಜಿಮೇಲಿಗೆ ಬಂದದ್ದು 2019ರಲ್ಲಿ. ಅದಕ್ಕೆ ಮುಂಚಿನ ಪಾಠಗಳು ಇದೇ ಕಾರ್ಯಕ್ಕಾಗಿ ಮೂರನೆಯವರ ಉಪಕರಣವನ್ನು ಜೋಡಿಸಿಕೊಳ್ಳಲು ಹೇಳುತ್ತಿದ್ದವು. ಅಂತಹ ಉಪಕರಣಕ್ಕೆ ನಮ್ಮ ಅಂಚೆಯನ್ನು ತೆರೆದು ನೋಡುವ ಅಪ್ಪಣೆಯನ್ನೂ ಕೊಡಬೇಕಾಗುತ್ತಿದ್ದಿತು. ಇಂದು ಆ ಹಳೆಯ ಮಾತನ್ನು ಪಾಲಿಸುವವನು, ತನ್ನ ಮನೆಯಲ್ಲಿಯೇ ಇರುವ ವಸ್ತುವಿಗಾಗಿ ಅಪರಿಚಿತನನ್ನು ಒಳಗೆ ಕರೆದಂತಾಗುತ್ತದೆ.

ಎರಡನೆಯದಾಗಿ, ಗುಂಡಿ ಎಲ್ಲಿದೆಯೆಂದು ತಿಳಿದರೆ ಸಾಲದು. ಅದು ಮಾಡುವ ಕಾರ್ಯವೇನೆಂಬುದನ್ನೂ ಅರಿಯಬೇಕು. ಹಿಂತೆಗೆಯುವ ಸೌಕರ್ಯವನ್ನೇ ತೆಗೆದುಕೊಳ್ಳೋಣ. ಹೋದ ಪತ್ರವನ್ನು ಅದು ಮರಳಿ ತರುವುದೆಂದು ಹಲವರು ಭಾವಿಸಿದ್ದಾರೆ. ವಾಸ್ತವದಲ್ಲಿ ಜಿಮೇಲು ಪತ್ರವನ್ನು 5, 10, 20 ಅಥವಾ 30 ಸೆಕೆಂಡು ತಡೆದಿಟ್ಟುಕೊಂಡಿರುತ್ತದೆ, ಅಷ್ಟೆ. ಪತ್ರವನ್ನು ಅಂಚೆಪೆಟ್ಟಿಗೆಯ ಬಾಯಿಯಲ್ಲಿ ಹಿಡಿದುಕೊಂಡು ನಿಂತಂತೆ. ಕೈಬಿಟ್ಟ ಮೇಲೆ ಮುಗಿಯಿತು. ಹಾಗೆಯೇ ಬಿಸಿಸಿ ಎಂಬ ಸಾಲು. ಬೆರಳಚ್ಚು ಯಂತ್ರದಲ್ಲಿ ಕಾರ್ಬನ್ ಕಾಗದವನ್ನಿಟ್ಟು ಪ್ರತಿ ತೆಗೆದವರಿಗೆ ಸಿಸಿ ಹೊಸದಲ್ಲ. ಬಿಸಿಸಿಯಾದರೋ, ಪ್ರತಿ ಯಾರಿಗೆ ಹೋಯಿತೆಂಬುದನ್ನು ಇತರರಿಂದ ಮರೆಮಾಡುವ ಏರ್ಪಾಡು. ಸಂಘದ ಕಾರ್ಯದರ್ಶಿಗಳು ಸಭೆಯ ಸೂಚನೆಯನ್ನು ಅರವತ್ತು ಮಂದಿಗೆ ಕಳುಹಿಸುವಾಗ ಈ ಸಾಲನ್ನು ಬಳಸಿದರೆ ಸದಸ್ಯರ ವಿಳಾಸಗಳು ಪರಸ್ಪರ ಬಯಲಾಗುವುದಿಲ್ಲ.

ಮೂರನೆಯದಾಗಿ, ಪಾಠ ಹೇಳುವವನು ಗುಟ್ಟು ಕೇಳಿದರೆ ಅವನು ಗುರುವಲ್ಲ. ವೀಡಿಯೊದ ಕೆಳಗೆ ದೂರವಾಣಿ ಸಂಖ್ಯೆಯನ್ನು ಬರೆದು, ಕರೆದರೆ ಎಲ್ಲವನ್ನೂ ಸರಿಪಡಿಸಿಕೊಡುವೆವೆನ್ನುವವರಿಂದ ದೂರವಿರಬೇಕು. ಪಾಸ್‌ವರ್ಡನ್ನೂ ಓಟಿಪಿಯನ್ನೂ ಯಾರಿಗೂ ಹೇಳತಕ್ಕದ್ದಲ್ಲ. ಎರಡು ಹಂತದ ದೃಢೀಕರಣವೆಂಬ ರಕ್ಷಣೆಯನ್ನು ಎಲ್ಲಕ್ಕಿಂತ ಮೊದಲು ಕಲಿಯುವುದೊಳ್ಳೆಯದು. ಮೋಸಹೋಗಿ ಹಣ ಕಳೆದುಕೊಂಡವರು ನಾಚಿಕೆಯಿಂದ ಸುಮ್ಮನಿರದೆ ಕೂಡಲೇ 1930ಕ್ಕೆ ದೂರು ಕೊಡಬೇಕು.

ಇನ್ನು ಭಾಷೆಯ ಪ್ರಶ್ನೆ. ಜಿಮೇಲಿನ ಪರದೆಯನ್ನೇ ಕನ್ನಡಕ್ಕೆ ತಿರುಗಿಸಿಕೊಳ್ಳಲು ಅವಕಾಶವಿದೆ. ಆದರೆ ಹಾಗೆ ಮಾಡಿಕೊಂಡವನು ಪಾಠ ಕಲಿಯಲು ಕುಳಿತರೆ, ವೀಡಿಯೊದಲ್ಲಿ ಇಂಗ್ಲಿಷ್ ಹೆಸರುಗಳು, ತನ್ನ ಪರದೆಯಲ್ಲಿ ಕನ್ನಡದ ಹೆಸರುಗಳು, ಒಂದಕ್ಕೊಂದು ಹೊಂದುವುದಿಲ್ಲ. ತನ್ನ ನುಡಿಯನ್ನು ಆರಿಸಿಕೊಂಡುದಕ್ಕಾಗಿ ಅವನು ದಂಡ ತೆತ್ತಂತಾಯಿತು. ಮುಂಬಯಿಯ ಐಐಟಿಯಲ್ಲಿ ರೂಪುಗೊಂಡ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯು ಸುಮಾರು ಹತ್ತು ಮಿನಿಟುಗಳ ಪಾಠಗಳನ್ನು ರಚಿಸಿ, ಕನ್ನಡವೂ ಸೇರಿದಂತೆ ದೇಶಭಾಷೆಗಳ ಧ್ವನಿಯನ್ನು ಜೋಡಿಸುತ್ತಿರುವುದು ಅಭಿನಂದನೀಯ. ಒಂದು ಕಡೆ ಪಾಠವನ್ನೂ ಪಕ್ಕದಲ್ಲಿ ತನ್ನ ಕೆಲಸವನ್ನೂ ಇಟ್ಟುಕೊಂಡು, ನೋಡಿದುದನ್ನು ಒಡನೆಯೇ ಕೈಯಾರೆ ಮಾಡಬೇಕೆಂಬುದು ಅದರ ಕ್ರಮ. ಅದು ಎಲ್ಲರೂ ಅನುಸರಿಸತಕ್ಕ ಕ್ರಮ. ಆದರೆ ಅಲ್ಲಿಯೂ ಧ್ವನಿ ಕನ್ನಡವಾದರೂ ಪರದೆ ಇಂಗ್ಲಿಷೇ. ಪರದೆಯೂ ಮಾತೂ ಎರಡೂ ಕನ್ನಡವಾಗಿರುವ ಪಾಠಗಳನ್ನು ಸಿದ್ಧಪಡಿಸುವುದು ನಮ್ಮ ತರುಣರ ಮುಂದಿರುವ ಕಾರ್ಯ.

ಮಕ್ಕಳಿದ್ದಾರಲ್ಲ, ಅವರೇ ಮಾಡಿಕೊಡುವರು. ಮುದಿ ವಯಸ್ಸಿನಲ್ಲಿ ಈ ತಾಪತ್ರಯವೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಮಕ್ಕಳು ಬೆಂಗಳೂರಿನಲ್ಲಿಯೋ ಸಮುದ್ರದಾಚೆಯೋ ಇದ್ದರೆ, ಇಲಾಖೆಯ ಪತ್ರಕ್ಕೆ ಉತ್ತರ ಕೊಡುವ ಗಡುವು ಅವರ ಬಿಡುವಿಗಾಗಿ ಕಾಯುವುದಿಲ್ಲ. ಅಲ್ಲದೆ, ಜೀವಮಾನವೆಲ್ಲ ಸ್ವಂತ ರುಜುವಿನಿಂದ ವ್ಯವಹಾರ ನಡೆಸಿದವರು ಕೊನೆಗಾಲದಲ್ಲಿ ತಮ್ಮ ಪತ್ರವನ್ನು ತಾವೇ ಓದಲಾರದಂತಾಗುವುದು ಗೌರವದ ಮಾತಲ್ಲ.

ಆದುದರಿಂದ ನಮ್ಮ ಸೂಚನೆಯಿಷ್ಟು. ರವೀಂದ್ರನಗರದ ನಿವಾಸಿಗಳು ವಾರಕ್ಕೊಂದು ಸಂಜೆ ಒಂದೆಡೆ ಕಲೆತು, ಒಂದೇ ಒಂದು ಪಾಠವನ್ನು ನೋಡಲಿ. ದಿನಾಂಕ ಸರಿಯಿದೆಯೆಂದು ಮೊದಲೇ ಪರೀಕ್ಷಿಸಿದ ಪಾಠವಾಗಿರಲಿ. ಪ್ರತಿಯೊಬ್ಬರೂ ತಮ್ಮ ತಮ್ಮ ಫೋನಿನಲ್ಲಿ ಅದನ್ನು ಮಾಡಿ ನೋಡಲಿ. ಕಾಲೇಜಿನ ವಿದ್ಯಾರ್ಥಿಗಳು ಪಕ್ಕದಲ್ಲಿ ಕುಳಿತು ನೆರವಾಗಲಿ. ಆದರೆ ಫೋನನ್ನು ಹಿರಿಯರ ಕೈಯಿಂದ ಕಿತ್ತುಕೊಳ್ಳದಿರಲಿ. ಹೀಗೆ ಮಾಡಿದಲ್ಲಿ ನಾಲ್ಕಾರು ತಿಂಗಳಲ್ಲಿ ಪಾಸ್‌ವರ್ಡಿನ ಚೀಟಿಗಳು ಪರರ ಮೇಜಿನಿಂದ ಮರಳಿ ಮನೆ ಸೇರುವುವು. ಇದಕ್ಕೆ ಸರಕಾರದ ಅಪ್ಪಣೆ ಬೇಕಿಲ್ಲ, ಚಂದಾ ಹಣ ಬೇಕಿಲ್ಲ. ಬೇಕಾದುದು ಒಂದು ಗಂಟೆಯ ಬಿಡುವು ಮತ್ತು ಕಲಿಯುವೆನೆಂಬ ಮನಸ್ಸು.