ಚೆನ್ನೈ ಕಡಲದಂಡೆಯ ಆಮೆ ನಡಿಗೆ

ಚೆನ್ನೈ ನಗರದ ದಕ್ಷಿಣದಲ್ಲಿ ನೀಲಾಂಕರೈಯಿಂದ ಬೆಸೆಂಟ್ ನಗರದವರೆಗೆ ಚಾಚಿರುವ ಸುಮಾರು 7 ಕಿಲೋಮೀಟರ್ ಮರಳದಂಡೆಯಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ರಾತ್ರಿ ಹೊತ್ತು ವಿದ್ಯಾರ್ಥಿಗಳ ಒಂದು ತಂಡ ಕಡಲಾಮೆಯ ಗೂಡು ಹುಡುಕುತ್ತ ನಡೆಯುತ್ತದೆ. ವಾರಾಂತ್ಯದ ರಾತ್ರಿಗಳಲ್ಲಿ ಆ ತಂಡದ ಹಿಂದೆ ಊರಿನ ಜನರೂ ನಡೆಯುತ್ತಾರೆ. 1988ರಲ್ಲಿ ಆರಂಭವಾದ ‘ಸ್ಟೂಡೆಂಟ್ಸ್ ಸೀ ಟರ್ಟಲ್ ಕನ್ಸರ್ವೇಶನ್ ನೆಟ್‌ವರ್ಕ್’ ಎಂಬ ಸ್ವಯಂಸೇವಕರ ಸಂಘಟನೆ ಅಂದಿನಿಂದಲೂ ನಡೆಸಿಕೊಂಡು ಬಂದಿರುವ ಈ ನಡಿಗೆಗೆ ಪಠ್ಯಪುಸ್ತಕವಿಲ್ಲ, ಪರೀಕ್ಷೆಯಿಲ್ಲ, ಸಭಾಂಗಣವಿಲ್ಲ. ಗೂಡು ಕಾಯುವ ಕೆಲಸ ಬೇರೆ, ಅದನ್ನು ಜನರಿಗೆ ತಿಳಿಸಿಕೊಡುವ ಕಾರ್ಯಕ್ರಮ ಬೇರೆ ಎಂಬ ಭೇದವನ್ನೇ ಇಟ್ಟುಕೊಳ್ಳದೆ, ಹೇಗೂ ನಡೆಯಲೇಬೇಕಾದ ಗಸ್ತಿಗೆ ಸಾರ್ವಜನಿಕರನ್ನೂ ಕರೆದೊಯ್ಯುವುದರಿಂದ ಅದು ಜನರಿಗೆ ಪ್ರಕೃತಿಶಿಕ್ಷಣವೂ ಆಗಿದೆ.

ಈ ದಂಡೆಯಲ್ಲಿ ಆಮೆಗಳಿಗಾಗಿ ಇರುಳು ನಡೆಯುವ ರೂಢಿ ಇನ್ನೂ ಹಳೆಯದು. 1970ರ ದಶಕದ ಮೊದಲ ವರ್ಷಗಳಲ್ಲಿ, ರೊಮುಲಸ್ ವಿಟೇಕರ್ ಸ್ಥಾಪಿಸಿದ ಮದರಾಸಿನ ಹಾವಿನ ಉದ್ಯಾನದ ಸುತ್ತ ಸೇರಿದ್ದ ತರುಣರು ಮನುಷ್ಯರ ಪಾಲೋ ನಾಯಿಗಳ ಪಾಲೋ ಆಗುತ್ತಿದ್ದ ಮೊಟ್ಟೆಗಳನ್ನು ಉಳಿಸಲು ಹೀಗೆ ನಡೆಯತೊಡಗಿದರು. ಅವರಲ್ಲಿ ಐಐಟಿ ವಿದ್ಯಾರ್ಥಿಯಾಗಿದ್ದ ಸತೀಶ್ ಭಾಸ್ಕರ್ ಮುಂದೆ ಭಾರತದ ಕರಾವಳಿಯನ್ನೂ ದ್ವೀಪಗಳನ್ನೂ ಸುತ್ತಿ ಆಮೆಗಳ ಸಮೀಕ್ಷೆ ಮಾಡಿದರು. 1982ರ ಮಳೆಗಾಲವನ್ನು ಲಕ್ಷದ್ವೀಪದ ನಿರ್ಜನ ಸುಹೇಲಿಯಲ್ಲಿ ಒಬ್ಬರೇ ಕಳೆಯುತ್ತಿದ್ದಾಗ ಅವರು ಬಾಟಲಿಯಲ್ಲಿಟ್ಟು ಕಡಲಿಗೆ ಎಸೆದ ಪತ್ರ ಶ್ರೀಲಂಕಾದ ಮೀನುಗಾರರೊಬ್ಬರ ಕೈ ಸೇರಿ, ಅಲ್ಲಿಂದ ಭಾಸ್ಕರ್ ಅವರ ಹೆಂಡತಿಗೆ ತಲುಪಿತು. ಮದರಾಸಿನ ಕೆಲಸ ಆಮೇಲೆ ಕೆಲವು ವರ್ಷ ಅರಣ್ಯ ಇಲಾಖೆಯ ಕೈಯಲ್ಲಿದ್ದು, ಅದು ನಿಂತಾಗ ಕಾಲೇಜು ವಿದ್ಯಾರ್ಥಿಗಳು ಮುಂದುವರಿಸಿದರು. ಅವರಲ್ಲೊಬ್ಬರಾದ ಕಾರ್ತಿಕ್ ಶಂಕರ್ ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿ, ದೇಶದ ಕಡಲಾಮೆ ಸಂರಕ್ಷಣೆಯ ಚರಿತ್ರೆಯನ್ನೂ ಬರೆದರು.

ಇಲ್ಲಿಗೆ ಬರುವುದು ಬಹುಪಾಲು ಆಲಿವ್ ರಿಡ್ಲಿ ಎಂಬ ಜಾತಿಯ ಆಮೆ. ಕಡಲಾಮೆಗಳಲ್ಲಿ ಚಿಕ್ಕದೆನಿಸಿದರೂ ಅದರ ಚಿಪ್ಪು ಎರಡು ಅಡಿಯಷ್ಟು ಉದ್ದವಿರುತ್ತದೆ. ಇರುಳಿನಲ್ಲಿ ದಡವೇರುವ ಹೆಣ್ಣು ಅಲೆ ಮುಟ್ಟದ ಎತ್ತರಕ್ಕೆ ಬಂದು, ಹಿಂಗಾಲುಗಳಿಂದ ಸುಮಾರು ಒಂದೂವರೆ ಅಡಿ ಆಳದ, ಬಾಯಿ ಕಿರಿದಾಗಿ ಒಡಲು ಅಗಲವಾಗಿರುವ ಹೂಜಿಯಂಥ ಗುಂಡಿ ತೋಡಿ, ನೂರರ ಆಸುಪಾಸಿನಷ್ಟು ಮೊಟ್ಟೆಯಿಟ್ಟು, ಮರಳು ಮುಚ್ಚಿ, ಮೈಯನ್ನು ಎಡಕ್ಕೂ ಬಲಕ್ಕೂ ಬಡಿದು ನೆಲ ಗಟ್ಟಿಮಾಡಿ ಕಡಲಿಗೆ ಹಿಂದಿರುಗುತ್ತದೆ. ಇಷ್ಟಕ್ಕೂ ಒಂದು ಗಂಟೆ ಸಾಕಾಗುವುದರಿಂದ ಸ್ವಯಂಸೇವಕರ ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಆಮೆಯ ಜಾಡು ಮಾತ್ರ: ಕಡಲಿನಿಂದ ಏರಿಬಂದ ಒಂದು ಗುರುತು, ಮರಳಿ ಇಳಿದುಹೋದ ಇನ್ನೊಂದು, ಎರಡೂ ಕೂಡುವಲ್ಲಿ ಕೆದರಿದ ಮರಳು. ಅಲ್ಲಿ ತೆಳುವಾದ ಕೋಲನ್ನು ಹುಷಾರಾಗಿ ಊರುತ್ತ ಹೋದಂತೆ, ಬಿಗಿಯಾದ ಮರಳಿನ ನಡುವೆ ಒಂದೆಡೆ ಕೋಲು ತಡೆಯಿಲ್ಲದೆ ಇಳಿಯುತ್ತದೆ. ಅದೇ ಗೂಡಿನ ಬಾಯಿ. ಆಮೇಲೆ ಬರಿಗೈಯಿಂದ ತೋಡಿ, ಗೂಡಿನ ಆಳ ಅಗಲಗಳನ್ನು ಅಳೆದು, ಮೆತ್ತನೆಯ ಸಿಪ್ಪೆಯ ಬಿಳಿ ಮೊಟ್ಟೆಗಳನ್ನು ಎಣಿಸುತ್ತ ಚೀಲಕ್ಕಿಳಿಸಿ, ಹ್ಯಾಚರಿ ಎಂದು ಕರೆಯುವ, ಮರಿಯಾಗುವವರೆಗೆ ಮೊಟ್ಟೆಗಳನ್ನು ಕಾಯಲು ದಂಡೆಯಲ್ಲೇ ಬೇಲಿ ಕಟ್ಟಿಕೊಂಡ ಜಾಗಕ್ಕೆ ಒಯ್ದು, ಅದೇ ಅಳತೆಯ ಗುಂಡಿಯಲ್ಲಿ ಹೂಳುತ್ತಾರೆ. ಮೊಟ್ಟೆಯಿಟ್ಟ ಕೆಲವೇ ಗಂಟೆಗಳೊಳಗೆ ಇದು ಮುಗಿಯಬೇಕು. ಭ್ರೂಣವು ಸಿಪ್ಪೆಯ ಒಳಮೈಗೆ ಅಂಟಿಕೊಂಡ ಮೇಲೆ ಮೊಟ್ಟೆ ಮಗುಚಿದರೆ ಮರಿ ಉಳಿಯುವುದಿಲ್ಲ.

ಹೊರಡುವ ಮುನ್ನ ಬಂದವರನ್ನು ಕೂರಿಸಿಕೊಂಡು ತಂಡದವರು ಆಮೆಯ ಬದುಕನ್ನೂ ನಡಿಗೆಯ ಕಟ್ಟುಪಾಡುಗಳನ್ನೂ ತಿಳಿಸುತ್ತಾರೆ. ಟಾರ್ಚ್ ಹಚ್ಚಬಾರದು, ಫ್ಲ್ಯಾಶ್ ಹಾಕಿ ಚಿತ್ರ ತೆಗೆಯಬಾರದು ಎಂಬುದು ಮೊದಲ ನಿಯಮ. ದಡವೇರುವ ತಾಯಿ ಬೆಳಕಿಗೆ ಬೆದರಿ ಮೊಟ್ಟೆಯಿಡದೆ ಮರಳುವುದುಂಟು; ಮರಿಗಳಿಗಂತೂ ಬೆಳಕು ಇನ್ನೂ ಅಪಾಯಕಾರಿ, ಏಕೆಂದರೆ ಕತ್ತಲಲ್ಲಿ ಹೆಚ್ಚು ಬೆಳಕಿರುವ ದಿಗಂತವೇ ಕಡಲೆಂದು ಅವು ಹೊರಡುತ್ತವೆ, ನಗರದ ದಂಡೆಯಲ್ಲಿ ಆ ಬೆಳಕು ಬೀದಿದೀಪದ್ದಾಗಿರುತ್ತದೆ. ಈ ವಿವರಣೆ ಕೇಳಿ ನಡೆದವರಿಗೆ ದಾರಿಯುದ್ದಕ್ಕೂ ಬಲಬದಿಯ ಕಡಲಿನ ಕತ್ತಲೂ ಎಡಬದಿಯ ಕಟ್ಟಡಗಳ ಉರಿದೀಪಗಳೂ ಒಟ್ಟಿಗೆ ಕಾಣುವುದರಿಂದ ಬೇರೆ ಪುರಾವೆ ಬೇಕಾಗುವುದಿಲ್ಲ. ಅನೇಕರು ಬೆಳಗಿನ ಜಾವದವರೆಗೆ ನಡೆದರೂ ಜೀವಂತ ಆಮೆಯನ್ನು ಕಾಣುವುದಿಲ್ಲ. ಸತ್ತ ಆಮೆ ಎದುರಾಗುವುದುಂಟು, ಆಗ ತಂಡ ನಿಂತು ಅದನ್ನು ದಾಖಲಿಸಿಕೊಳ್ಳುತ್ತದೆ. ಕಡಲಲ್ಲೇ ಬಾಳಿದರೂ ಶ್ವಾಸಕೋಶದಿಂದ ಉಸಿರಾಡುವ ಆಮೆ, ತಳ ಗುಡಿಸಿ ಮೀನು ಹಿಡಿಯುವ ಟ್ರಾಲ್ ಬೋಟಿನ ಬಲೆಯಲ್ಲಿ ಗಂಟೆಗಟ್ಟಲೆ ಸಿಕ್ಕಿಕೊಂಡರೆ ಮೇಲೆ ಬಂದು ಉಸಿರು ತೆಗೆದುಕೊಳ್ಳಲಾಗದೆ ಮುಳುಗಿ ಸಾಯುತ್ತದೆ. ಬಲೆಗೆ ಸೇರಿದ ಆಮೆ ಹೊರಬೀಳಲು ದಾರಿ ಮಾಡಿಕೊಡುವ ಕಂಬಿಯ ಸಾಧನ ಇದ್ದರೂ ಹಿಡಿದ ಮೀನೂ ಅದರಲ್ಲೇ ತಪ್ಪಿಹೋಗುತ್ತದೆ ಎಂಬ ದೂರಿನಿಂದ ಅದರ ಬಳಕೆ ಕಡಿಮೆ. 2025ರ ಜನವರಿಯಲ್ಲಿ ಚೆನ್ನೈ ಕರಾವಳಿಯಲ್ಲಿ ನೂರಾರು ಆಮೆಗಳ ಕಳೇಬರಗಳು ದಡಕ್ಕೆ ಬಂದುಬಿದ್ದಾಗ ಈ ಪ್ರಶ್ನೆ ಮತ್ತೆ ಮೇಲೆದ್ದಿತು.

ಲೆಕ್ಕವೊಂದನ್ನೇ ಹಿಡಿದರೆ ಈ ಶ್ರಮದಿಂದ ಆಮೆಗಳ ಸಂಖ್ಯೆಗೆ ಆಗುವ ಲಾಭ ದೊಡ್ಡದಲ್ಲ. ಒಡಿಶಾದ ಗಹಿರ್‌ಮಾಥಾದಲ್ಲಿಯೂ ಋಷಿಕುಲ್ಯಾ ನದಿಯ ಅಳಿವೆಯಲ್ಲಿಯೂ ಲಕ್ಷಗಟ್ಟಲೆ ರಿಡ್ಲಿಗಳು ಕೆಲವೇ ರಾತ್ರಿಗಳಲ್ಲಿ ಒಟ್ಟಿಗೆ ದಡವೇರುತ್ತವೆ. ‘ಅರಿಬಾಡಾ’ ಎಂದು ಕರೆಯುವ ಈ ಸಾಮೂಹಿಕ ಗೂಡುಕಟ್ಟುವಿಕೆಯ ಮುಂದೆ ಚೆನ್ನೈನ ಗೂಡುಗಳು ಅತ್ಯಲ್ಪ. ಮೇಲಾಗಿ ಮೊಟ್ಟೆಯನ್ನು ಸ್ಥಳಾಂತರಿಸುವುದು ಎರಡನೆಯ ದರ್ಜೆಯ ಉಪಾಯವೆಂಬುದನ್ನು ಸಂರಕ್ಷಕರೇ ಒಪ್ಪುತ್ತಾರೆ. ಕಡಲಾಮೆಯ ಮರಿ ಹೆಣ್ಣೋ ಗಂಡೋ ಎಂಬುದು ಗೂಡಿನ ಮರಳಿನ ಶಾಖದಿಂದ ನಿರ್ಧಾರವಾಗುತ್ತದೆ, ಶಾಖ ಏರಿದಂತೆ ಹೆಣ್ಣುಗಳೇ ಹೆಚ್ಚುತ್ತವೆ. ಹಾಗಾಗಿ ಹ್ಯಾಚರಿಯ ಜಾಗ, ನೆರಳು ತುಸು ಏರುಪೇರಾದರೂ ಆ ವರ್ಷದ ಮರಿಗಳ ಲಿಂಗಾನುಪಾತ ಬದಲಾಗಬಹುದು. ನಾಯಿ, ದೀಪ, ಜನಜಂಗುಳಿ ತುಂಬಿದ ನಗರದ ದಂಡೆಯಲ್ಲಿ ಗೂಡನ್ನು ಇದ್ದಲ್ಲೇ ಬಿಡುವ ಆಯ್ಕೆಯಿಲ್ಲವಾದ್ದರಿಂದಷ್ಟೇ ಈ ಕ್ರಮ ಸಮರ್ಥನೀಯ. ಆದ್ದರಿಂದ ಇಲ್ಲಿನ ನಿಜವಾದ ಫಸಲು ಮನುಷ್ಯರೇ ಎನ್ನಬೇಕು: ಕಾಲೇಜು ದಿನಗಳಲ್ಲಿ ಕೋಲು ಹಿಡಿದು ನಡೆದವರಲ್ಲಿ ಜೀವವಿಜ್ಞಾನಿಗಳಾದವರೂ ಸಂರಕ್ಷಣೆಯನ್ನೇ ವೃತ್ತಿಯಾಗಿಸಿಕೊಂಡವರೂ ಇದ್ದಾರೆ.

ಈ ನಡಿಗೆಗೆ ಒಂದು ಮಿತಿಯೂ ಇದೆ. ರಾತ್ರಿಯಿಡೀ ನಡೆದು ಮರುದಿನ ಮಲಗಿ ಸುಧಾರಿಸಿಕೊಳ್ಳಬಲ್ಲವರು ನಗರದ ಮಧ್ಯಮವರ್ಗದವರು. ಆಮೆಯ ಅಳಿವು ಉಳಿವಿನೊಡನೆ ಹೊಟ್ಟೆಪಾಡು ಬೆಸೆದುಕೊಂಡಿರುವ ಮೀನುಗಾರರು ಈ ಸಾಲಿನಲ್ಲಿ ಕಾಣುವುದು ಕಡಿಮೆ. ಅದೇ ಕರಾವಳಿಯಲ್ಲಿ 2002ರಿಂದ ಕೆಲಸ ಮಾಡುತ್ತಿರುವ ಟ್ರೀ ಫೌಂಡೇಶನ್ ಮೀನುಗಾರರ ಹಳ್ಳಿಗಳ ಯುವಕರನ್ನೇ ಗೂಡುಗಳ ಕಾವಲಿಗೆ ಸೇರಿಸಿಕೊಂಡು ಈ ಕೊರತೆಯನ್ನು ಬೇರೆ ದಾರಿಯಿಂದ ತುಂಬುತ್ತಿದೆ.

ಕರ್ನಾಟಕದ ಕಾರವಾರ, ಹೊನ್ನಾವರ, ಕುಂದಾಪುರದ ಕಡೆಯ ದಂಡೆಗಳಿಗೂ ಇದೇ ರಿಡ್ಲಿ ಬರುತ್ತದೆ. ಅಲ್ಲಿ ಗೂಡನ್ನು ಮೊದಲು ಗುರುತಿಸುವವರು ಹೆಚ್ಚಾಗಿ ಮೀನುಗಾರರೇ. ಅವರು ಸುದ್ದಿ ಮುಟ್ಟಿಸಿದರೆ ಅರಣ್ಯ ಇಲಾಖೆಯವರು ಸಾಧ್ಯವಿದ್ದಲ್ಲಿ ಗೂಡಿನ ಸುತ್ತಲೇ ಬಲೆಯ ಬೇಲಿ ಹಾಕಿ ಕಾಯುತ್ತಾರೆ, ತಿಳಿಸಿದವರಿಗೆ ಬಹುಮಾನ ಕೊಡುವ ಪದ್ಧತಿಯೂ ಇದೆ. ಅಂಥ ದಂಡೆಯಲ್ಲಿ ನಡಿಗೆ ಏರ್ಪಡಿಸುವವರು ಚೆನ್ನೈನ ಮಾದರಿಯನ್ನು ಇಡಿಯಾಗಿ ಎತ್ತಿ ತರಬೇಕಾಗಿಲ್ಲ. ಜಾಡು ಓದಬಲ್ಲವರು ಊರಿನಲ್ಲೇ ಇದ್ದಾರೆ. ಗೂಡು ಕಟ್ಟುವ ತಿಂಗಳುಗಳಲ್ಲಿ ಪೇಟೆಯ ಶಾಲೆ, ಕಾಲೇಜುಗಳವರನ್ನು ಅವರ ಬಳಿಗೆ ಕರೆತಂದು, ವಿವರಿಸುವ ಮಾತನ್ನು ಅವರಿಗೇ ಬಿಟ್ಟುಕೊಡುವ ಸ್ವಯಂಸೇವಕರು ಬೇಕು.