ಕೂದಲ ಹಗ್ಗಕ್ಕೆ ತೂಗುಬಿದ್ದ ಬಂಪರುಗಳು

ಲಾರಿ, ಕಾರುಗಳ ಬಂಪರಿಗೆ ಸುತ್ತಿದ ಕರಿ ಕೂದಲ ಹಗ್ಗವನ್ನು ನೀವು ನೋಡಿರುತ್ತೀರಿ. ದೃಷ್ಟಿ ತಾಗದಿರಲಿ, ದಾರಿಯಲ್ಲಿ ಏನೂ ಆಗದಿರಲಿ ಎಂದು ಚಾಲಕರು ಕಟ್ಟಿಕೊಳ್ಳುವುದು. ಹರಕೆ ಹೊತ್ತವರು ದೇವಸ್ಥಾನದಲ್ಲಿ ಮುಡಿ ಕೊಡುತ್ತಾರಲ್ಲ, ಅದರಲ್ಲಿ ಉದ್ದನೆಯದು ವಿಗ್ ವ್ಯಾಪಾರಕ್ಕೆ ಹೋಗುತ್ತದೆ. ಉಳಿದ ತುಂಡುಕೂದಲು ಹೀಗೆ ಹಗ್ಗವಾಗುತ್ತದೆ. ಕಲಾವಿದೆ ಶೀಲಾ ಗೌಡ ಅಂಥ ಹಗ್ಗವನ್ನು ಸುಮಾರು 4,000 ಮೀಟರ್ ಕೂಡಿಹಾಕಿ 2009ರ ವೆನಿಸ್ ಬಿನಾಲೆ ಕಲಾಮೇಳಕ್ಕೆ ಒಯ್ದರು. ಕೃತಿಯ ಹೆಸರು ‘ಬಿಹೋಲ್ಡ್’. ಫಳಫಳ ಹೊಳೆಯುವ ಉಕ್ಕಿನ ಬಂಪರುಗಳು ಆ ಹಗ್ಗದಲ್ಲೇ ಗೋಡೆಗೆ ತೂಗುಬಿದ್ದಿವೆ. ಮಿಕ್ಕ ಹಗ್ಗ ಜೋತು, ನೆಲಕ್ಕಿಳಿದು, ಸಿಕ್ಕುಸಿಕ್ಕಾಗಿ ಬಿದ್ದಿದೆ. ಗಾಡಿಯನ್ನು ಕಾಯಬೇಕಾದ ಉಕ್ಕು ಹಗ್ಗದ ಆಸರೆಯಲ್ಲಿ ನೇತಾಡುತ್ತಿದೆ. ಒಂದೊಂದು ಎಳೆಯ ಹಿಂದೆ ಯಾರ ಮಗುವಿನ ಕಾಯಿಲೆಯೋ, ಯಾರ ಮನೆಯ ಸಾಲವೋ! ಈ ಲೇಖನಕ್ಕೆ ಕುಳಿತದ್ದೇ ಈ ಹಗ್ಗದ ಸೆಳೆತಕ್ಕೆ.

ಶೀಲಾ ಗೌಡ ಹುಟ್ಟಿದ್ದು 1957ರಲ್ಲಿ, ಭದ್ರಾವತಿಯಲ್ಲಿ. ಕಲಿತದ್ದು ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ. ಅದನ್ನು ಕಟ್ಟಿದವರು ನಮ್ಮ ಬಾದಾಮಿ ಕಡೆಯ ಆರ್.ಎಂ. ಹಡಪದ. ಆಮೇಲೆ ಶಾಂತಿನಿಕೇತನ, 1986ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನ ಎಂ.ಎ.

ಮೊದಲು ಅವರು ಬಣ್ಣದ ಚಿತ್ರಕಾರ್ತಿ. 1992–93ರ ಮುಂಬೈ ಗಲಭೆಗಳ ಸುಮಾರಿಗೆ ಕ್ಯಾನ್ವಾಸಿನ ಬಣ್ಣ ಸಾಲದೆನಿಸಿ ಸಗಣಿಗೆ ಕೈಹಾಕಿದರು. ಗದಗ ಕಡೆಯ ಹಿರೇಹಂದಿಗೋಳದಂಥ ಊರಿನಲ್ಲಿ ಸಗಣಿಯ ಪರಿಚಯ ಯಾರಿಗೂ ಮಾಡಿಕೊಡಬೇಕಿಲ್ಲ. ಅಂಗಳ ಸಾರಿಸಿ, ಕುಳ್ಳು ತಟ್ಟಿದ ಹೆಂಗಸರ ಕೈ ಅದನ್ನು ಬಲ್ಲದು. ಆದರೆ ಅದೇ ಸಗಣಿ ಪೂಜೆಗೂ ಬರುತ್ತದೆ, ಗೋವಿನ ಹೆಸರಿನ ಜಗಳಕ್ಕೂ ಬರುತ್ತದೆ.

1998ರ ಕೃತಿಯೊಂದರ ಕೆಲಸವನ್ನಂತೂ ಹತ್ತಿರದಿಂದಲೇ ನೋಡಬೇಕು. ಉದ್ದುದ್ದ ದಾರವನ್ನು ಸೂಜಿಯ ಕಣ್ಣಿಗೆ ಪೋಣಿಸಿ, ನಡುಭಾಗ ಬರುವವರೆಗೆ ಎಳೆಯುವುದು. ಇಂಥ ಹತ್ತಾರು ಎಳೆಗಳನ್ನು ಒಟ್ಟುಗೂಡಿಸಿ, ಕುಂಕುಮ ಬೆರೆಸಿದ ಅಂಟು ಸವರಿ, ಒಂದೇ ಹುರಿ ಮಾಡುವುದು. ತುದಿಯಲ್ಲಿ ಸೂಜಿಗಳು ಗೊಂಚಲಾಗಿ ಇಳಿಬಿದ್ದಿರುತ್ತವೆ. ಕೆಂಪು ಹುರಿ ಕೋಣೆಯ ತುಂಬ ಕರುಳಿನ ಹಾಗೆ ಹರಿದಾಡುತ್ತದೆ. ಚುಚ್ಚುವುದೂ ಹೊಲಿಯುವುದೂ ಒಂದೇ ಸೂಜಿ. ಕೃತಿಯ ಇಂಗ್ಲಿಷ್ ಶೀರ್ಷಿಕೆಯಲ್ಲೂ ನೋವಿನ ಮಾತೇ ಇದೆ.

ರಸ್ತೆ ಕೆಲಸದವರ ಡಾಂಬರು ಡ್ರಮ್ಮು, ಊದುಬತ್ತಿಯ ಬೂದಿ, ನೀರಿನ ಪೈಪು: ಹೀಗೆ ಅವರ ಸಾಮಗ್ರಿಯ ಪಟ್ಟಿ ಬೆಳೆಯುತ್ತಲೇ ಹೋಯಿತು. 2012ರ ಮೊದಲ ಕೊಚ್ಚಿ ಬಿನಾಲೆಗೆ ಕಲಾವಿದ ಕ್ರಿಸ್ಟೋಫ್ ಸ್ಟೋರ್ಜ್ ಜೊತೆಗೂಡಿ ಬೆಂಗಳೂರಿನಿಂದ ಸಾಗಿಸಿದ್ದು ಒರಳುಕಲ್ಲುಗಳನ್ನು. ಮಿಕ್ಸಿ ಬಂದ ಮೇಲೆ ಮನೆಯೊಳಗೆ ಜಾಗವಿಲ್ಲದೆ, ಒಡೆಯಲೂ ಮನಸ್ಸಾಗದೆ ಜನ ಬೀದಿಬದಿಗೆ ಇಟ್ಟ ಕಲ್ಲುಗಳು. ನಮ್ಮ ಹಿತ್ತಲುಗಳಲ್ಲೂ ಅವು ಬಿದ್ದಿವೆ.

2019ರಲ್ಲಿ ಅವರಿಗೆ ಮಾರಿಯಾ ಲಾಸ್ನಿಗ್ ಪ್ರಶಸ್ತಿ ಬಂತು. ಅದೇ ವರ್ಷ ಮಿಲಾನಿನಲ್ಲಿ ದೊಡ್ಡ ಪ್ರದರ್ಶನ ನಡೆಯಿತು. ‘ಬಿಹೋಲ್ಡ್’ ಈಗ ಲಂಡನ್ನಿನ ಟೇಟ್ ಸಂಗ್ರಹದ ಸ್ವತ್ತು. ವಸ್ತುವೆಲ್ಲ ನಮ್ಮದು, ನೋಡುವ ಭಾಗ್ಯ ಬೇರೆಯವರದು ಎಂದು ಗೊಣಗುವುದು ಸುಲಭ. ತಂದು ತೋರಿಸಲು ತಕ್ಕ ಜಾಗ ನಮ್ಮ ಜಿಲ್ಲಾ ಊರುಗಳಲ್ಲಿ ಎಲ್ಲಿದೆ ಎಂದು ಕೇಳಿದರೆ ಗೊಣಗಾಟ ನಿಲ್ಲುತ್ತದೆ. ಬೆಟಗೇರಿಯಲ್ಲಿ ನೂಲನ್ನು ಬೆರಳಲ್ಲೇ ತೂಗಿ ಹೇಳುವ ನೇಕಾರರು ಇನ್ನೂ ಇದ್ದಾರೆ. ಆ ಕೆಂಪು ಹುರಿಯನ್ನು ಅವರು ಒಮ್ಮೆ ಮುಟ್ಟಿ ನೋಡಿದ್ದರೆ ಏನನ್ನುತ್ತಿದ್ದರೋ, ಕೇಳುವ ಆಸೆ ನನಗಿದೆ.